ಮೊದಲೇ ಹೇಳಿ ರಿಪೋರ್ಟ್ ಮಾಡುವ ಮಾಮಾ

ಇಂಡಿ ಪಟ್ಟಣದ ಮಾಮಾನ ಮನೆಯ ಪಡಸಾಲೆಯಲ್ಲಿ ಅಂದು ಸಂಜೆ ಇದ್ದವರು ಮೂವರು: ಚಹಾ ಸೋಸುತ್ತಿದ್ದ ಅತ್ತೆ, ಚಹಾಕ್ಕಾಗಿಯೇ ಬಂದಿದ್ದ ನಾನು, ಮತ್ತು ಇಡೀ ಅಂತರ್ಜಾಲದ ಕಸ ಗುಡಿಸುವ ಗುತ್ತಿಗೆಯನ್ನು ಯಾರೂ ಕೊಡದೆಯೇ ಹಿಡಿದಿರುವ ನನ್ನ ಸೋದರಮಾವ.

ಮಾಮಾ ಲಿಂಬೆ ಬೆಳೆಗಾರರ ಆನ್‌ಲೈನ್ ವೇದಿಕೆಯೊಂದರ ಸದಸ್ಯರು. ತೋಟವಿದೆಯೇ? ಎಲ್ಲಿಯದು! ಹಿತ್ತಿಲ ಬಚ್ಚಲ ಪಕ್ಕದಲ್ಲಿ ಮೊಣಕಾಲೆತ್ತರದ ಒಂದೇ ಒಂದು ಗಿಡ. ಶ್ರದ್ಧೆ ಮಾತ್ರ ನೂರು ಎಕರೆಯದು. ಅಲ್ಲಿ ಯಾರಾದರೂ ಸಾಲದ ಜಾಹೀರಾತೋ, ಬೋಳುತಲೆಯ ಎಣ್ಣೆಯೋ ಹಾಕಿದರೆ ಮುಗಿಯಿತು, ವೇದಿಕೆ ನಡೆಸುವವರಿಗೆ ರಿಪೋರ್ಟ್! ಹೂವಿನ ಚಿತ್ರ ಹಾಕಿ 'ಶುಭೋದಯ' ಎಂದ ನಿವೃತ್ತ ಮಾಸ್ತರರಿಗೂ ಬಿಡುಗಡೆಯಿಲ್ಲ. "ಮುಂಜಾನಿ ಆತಂತ ಸೂರ್ಯನ ಹೇಳ್ತಾನ. ಮತ್ತ ಇವರ್ಯಾಕ?"

ಎಲ್ಲರಂತೆ ಗುಟ್ಟಾಗಿ ಗುಂಡಿ ಒತ್ತಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ನಮ್ಮ ಕಡೆ ಒಬ್ಬರ ಎತ್ತು ಇನ್ನೊಬ್ಬರ ಹೊಲ ಹೊಕ್ಕರೆ ಮೊದಲು ಅವರ ಬಾಗಿಲಿಗೆ ಹೋಗಿ ಹೇಳುವುದು ರೂಢಿ, ಪಂಚರೆಲ್ಲ ಆಮೇಲೆ. "ಹೇಳದ ಮಾಡಿದ್ರ ಚಾಡಿ ಆಗೂದಿಲ್ಲೇನೋ?" ಎನ್ನುವ ಮಾಮಾ ಪ್ರತಿ ಜಾಹೀರಾತಿನ ಕೆಳಗೂ, "ತಮ್ಮಾ, ನಿನ್ನ ಮ್ಯಾಲ ರಿಪೋರ್ಟ್ ಹಾಕಾಕತ್ತೇನಿ, ಸಿಟ್ಟಾಗಬ್ಯಾಡ" ಎಂದು ಬರೆಯುತ್ತಾರೆ. ಫೋನ್ ನಂಬರಿದ್ದರೆ ಫೋನೇ! ಎಣ್ಣೆ ಕಂಪನಿಯ ಹುಡುಗಿ ಎಷ್ಟು ಬಾಟಲಿ ಬೇಕೆಂದು ಹಿಂದಿಯಲ್ಲಿ ಕೇಳಿದರೆ, ಇವರು "ಊಟಾ ಆತೇನವಾ?" ಎಂದು ವಿಚಾರಿಸಿ, ಆಮೇಲೆ ರಿಪೋರ್ಟ್ ಒತ್ತಿದರು.

ತಾಳಿಕೋಟೆಯ ಸಸಿ ಮಾರುವವನೊಬ್ಬ ಒಂದೇ ಜಾಹೀರಾತನ್ನು ದಿನವೂ ಹಾಕುತ್ತಿದ್ದ. ಮಾಮಾ ಅವನಿಗೂ ಫೋನ್ ಹಚ್ಚಿ, ರಿಪೋರ್ಟ್ ಮಾಡುವುದಾಗಿ ಹೇಳಿದರು.

"ಮಾಡ್ರಿ ಕಾಕಾ. ಹೊಟ್ಟಿಪಾಡು, ನಾಳಿ ಮತ್ತ ಹಾಕ್ತೇನಿ."

"ಹಾಕಪಾ. ನಾನೂ ನಾಳಿ ಮತ್ತ ಫೋನ್ ಹಚ್ತೇನಿ."

ಹಚ್ಚಿದರು ಕೂಡ, ದಿನಾಲೂ!

ಅಂದು ಸಂಜೆ ಮಾಮಾ ಮೊಬೈಲಿನ ಪರದೆಯನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದರು. ನೂರಾರು ಕಡೆ ಅದೇ ವಾಕ್ಯ ಬರೆದದ್ದಕ್ಕೆ, ಮಾಮಾನೇ ಕಸವೆಂದು ತೀರ್ಮಾನಿಸಿ ವೇದಿಕೆ ಅವರನ್ನು ಹೊರಗಿಟ್ಟಿತ್ತು!

"ನನಗೊಂದು ಮಾತು ಹೇಳದನ ಮಾಡ್ಯಾರಲ್ಲೋ ಅಳಿಯಾ!"

ನಾನು ನಕ್ಕೆ. "ಹೋಗ್ಲಿ ಬಿಡ್ರಿ ಮಾಮಾ, ಪಗಾರೇನು ಕೊಡ್ತಿದ್ರೇನು?"

ಅತ್ತೆ ಬಟ್ಟಲು ಕೆಳಗಿಟ್ಟರು. "ನಗಬ್ಯಾಡಪಾ. ನನ್ನ ತವರಿಂದ ತಂದ ಲಿಂಬಿಗಿಡಾ ಒಣಗಾಕತ್ತಾಗ ಇವರು ಅಲ್ಲೇ ಕೇಳಿದ್ರು. ಸಾಲಾ ಬೇಕೇನು, ಎಣ್ಣಿ ಬೇಕೇನು ಅನ್ನೋ ಗದ್ದಲದಾಗ ನಮ್ಮ ಮಾತು ಯಾರಿಗೂ ಕಾಣಲಿಲ್ಲ. ಗಿಡಾ ಹೋತು. ಈಗಿರೋದು ಅದರ ಕಡೀ ಹಣ್ಣಿನ ಬೀಜದ್ದು. ನಿನ್ನೆಯಿಂದ ಇದರ ಎಲೀನೂ ಮುದುಡಾಕತ್ತಾವ. ಈಗ ಯಾರಿಗಿ ಕೇಳೂದು?"

ಚಹಾ ಆರಿತು. ಯಾರೂ ಕುಡಿಯಲಿಲ್ಲ.

ಮರುದಿನ ಮಾಮಾನ ಫೋನೇ ರಿಂಗಣಿಸಿತು. ತಾಳಿಕೋಟೆಯವನು. "ಯಾಕ್ರಿ ಕಾಕಾ, ನಿನ್ನೆ ಫೋನ್ ಬರಲಿಲ್ಲ? ಆರಾಮ ಅದೀರಿಲ್ಲೋ?"

ಗಿಡದ ವಿಷಯ ಕೇಳಿದವನು ಬಸ್ಸು ಹಿಡಿದು ಬಂದೇಬಿಟ್ಟ. ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮಣ್ಣು ಕೆದರಿದ. ಬಚ್ಚಲ ಸಾಬೂನು ನೀರು ಬೇರಿಗೆ ಹೋಗುತ್ತಿತ್ತು. ತಾನೇ ಸಲಿಕೆ ಹಿಡಿದು ನೀರಿನ ದಾರಿ ಬೇರೆ ಮಾಡಿದ. ಸಸಿ ಮಾರುವ ಮಾತು ಎತ್ತಲೇ ಇಲ್ಲ.

ಕೆಲವು ವಾರ ಕಳೆದ ಮೇಲೆ ವೇದಿಕೆ ಮಾಮಾನನ್ನು ಮತ್ತೆ ಒಳಗೆ ಬಿಟ್ಟಿತು. ಮೊದಲು ಕಂಡದ್ದೇ ತಾಳಿಕೋಟೆಯ ಜಾಹೀರಾತು. ಮಾಮಾ ಫೋನ್ ಹಚ್ಚಿದರು.

"ತಮ್ಮಾ, ರಿಪೋರ್ಟ್ ಹಾಕಾಕತ್ತೇನಿ."

"ಹಾಕ್ರಿ ಕಾಕಾ. ಗಿಡಾ ಹೆಂಗೈತ್ರಿ?"

ಮಾಮಾ ಹಿತ್ತಿಲ ಕಡೆ ನೋಡಿದರು. ಫೋನನ್ನು ಅತ್ತೆಯ ಕೈಗೆ ಕೊಟ್ಟರು.

"ಚಿಗುರೇತಪಾ," ಎಂದರು ಅತ್ತೆ.