ಸಮುದ್ರದ ತಳಕ್ಕೆ ಆರ್ಡಿನರಿ ಬಸ್ಸು

ನನ್ನ ಮೊಮ್ಮಗಳಿಗೆ ಸಮುದ್ರದ ತಳದಲ್ಲಿ ಉಸಿರಾಡುವ ಪರವಾನಗಿ ಸಿಕ್ಕಿದೆ! ಹೌದು, ಸರಿಯಾಗಿಯೇ ಓದಿದಿರಿ. ಫೋಟೊ ಹಚ್ಚಿದ ಕಾರ್ಡೇ ಇದೆ. ಈ ಹೊತ್ತು ಮುಂಜಾನೆ ಅವಳು ಬೆನ್ನಿನ ಚೀಲ ಇಳಿಸುವ ಮೊದಲೇ ಆ ಕಾರ್ಡು ಕಸಿದುಕೊಂಡು ಓಣಿಯ ಹನ್ನೆರಡು ಮನೆಗೆ ತೋರಿಸಿ ಬಂದೆ. ಹದಿಮೂರನೆಯ ಮನೆಯವರು ಹೊಲಕ್ಕೆ ಹೋಗಿದ್ದರು. ಬಿಡುತ್ತೇನೆಯೇ? ಹೊಲಕ್ಕೇ ಹೋಗಿ ತೋರಿಸಿದೆ!

ನಾನು ನಾಲ್ಕನೇ ಇಯತ್ತೆ ಕಲಿತವನು. ಬರೆದದ್ದು ಸೊಟ್ಟಗಿದ್ದರೆ ನೀವು ಕುತ್ತಿಗೆ ಸೊಟ್ಟ ಮಾಡಿಕೊಂಡು ಓದಿರಿ. ಆದರೆ ಒಂದು ಮಾತು ನೆಟ್ಟಗೇ ಹೇಳುತ್ತೇನೆ: ಇಂಥ ತಿಕ್ಕಲು ಹುಡುಗಿ ನಮ್ಮ ಇಂಡಿ ಸೀಮೆಯಲ್ಲಿ ಇನ್ನೊಬ್ಬಳಿಲ್ಲ.

ಅವಳು ಬಸ್ ಕಂಡಕ್ಟರ್. ಇಂಡಿಯಿಂದ ಸಿಂದಗಿ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ತನಕ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವವಳು. ರಜೆ ಸಿಕ್ಕರೆ ಬೇರೆಯವರು ಕಾಲು ಚಾಚಿ ಮಲಗುತ್ತಾರೆ. ಇವಳು ರಜೆಯನ್ನೆಲ್ಲ ಕೂಡಿಟ್ಟು ವರ್ಷಕ್ಕೊಮ್ಮೆ ಪರದೇಶಕ್ಕೆ ಓಡುತ್ತಾಳೆ! ಯಾರಾದರೂ ವರನ ಸುದ್ದಿ ತಂದರೆ, "ಸೀಟ್ ಖಾಲಿ ಇಲ್ರಿ, ಹಿಂದಿನ ಬಸ್ಸಿಗೆ ಬರ್ರಿ" ಎಂದು ಕಳಿಸಿಬಿಡುತ್ತಾಳೆ. ಬಂದವರು ಚಹಾ ಕುಡಿದು, ಹಿಂದಿನ ಬಸ್ಸು ಯಾವಾಗ ಎಂದು ನನ್ನನ್ನು ಕೇಳುತ್ತಾರೆ. ನನಗೇನು ಗೊತ್ತು?

ಈ ವರ್ಷ ಥಾಯ್ಲೆಂಡಿಗೆ ಹೋದಳು. ಅಲ್ಲಿ ಒಂದು ನಡುಗಡ್ಡೆಯಲ್ಲಿ, ಹತ್ತು ಮಂದಿಗೆ ಒಂದೇ ಕೋಣೆ, ಅಟ್ಟದ ಮೇಲೆ ಅಟ್ಟ ಇಟ್ಟಂತೆ ಮಂಚ. ಊಟದ ಖರ್ಚು ಬೇಡವೆಂದು ನನ್ನ ಹೆಂಡತಿ ಎಂಬತ್ತು ಕಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದಳು. ಕೆಳಗಿನ ಮಂಚದ ಜರ್ಮನಿ ಹುಡುಗನಿಗೆ ಒಂದು ರೊಟ್ಟಿ ಕೊಟ್ಟಳಂತೆ. ಅವನು ಅದನ್ನು ತಾಟು ಎಂದು ತಿಳಿದು, ಅದರ ಮೇಲೆ ಅನ್ನ ಹಾಕಿಕೊಂಡು ಉಂಡ. ಅಷ್ಟೇ ಆಗಿದ್ದರೆ ಸರಿ. ಉಂಡಾದ ಮೇಲೆ ತೊಳೆಯಲು ನಲ್ಲಿಗೆ ಒಯ್ದ!

ಆ ನಡುಗಡ್ಡೆಯಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿಸುತ್ತಾರೆ. ನೋಡಿದ್ದೇ ತಡ, ಇವಳಿಗೂ ಬೇಕಾಯಿತು. ದಿನಾ ಮುಂಜಾನೆ ಎಲ್ಲರ ರಬ್ಬರಿನ ಅಂಗಿ ತೊಳೆದು ಒಣಹಾಕುತ್ತೇನೆ ಎಂದು ಗಂಟುಬಿದ್ದು, ಅರ್ಧ ದರಕ್ಕೆ ಸೇರಿಕೊಂಡಳು.

ಸುದ್ದಿ ಕೇಳಿ ನನ್ನ ಹೆಂಡತಿ ಎದೆಗೆ ಕೈ ಇಟ್ಟಳು. "ಸಿಲಿಂಡರ್ ಹೊತಗೊಂಡು ನೀರಿಗೆ ಇಳಿತಾಳಂತ! ಅಲ್ಲೇನ್ ಮೀನಿಗೆ ಅಡಗಿ ಮಾಡಿ ಹಾಕಾಕೇನ್ರಿ?"

ನನಗೆ ಬೇರೆಯದೇ ಆಶ್ಚರ್ಯ. ಮುಳುಗಬಾರದೆಂದು ನಾವು ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತೇವೆ. ಅಲ್ಲಿ ಮುಳುಗಲೇಬೇಕೆಂದು ಸೊಂಟಕ್ಕೆ ಸೀಸ ಕಟ್ಟುತ್ತಾರಂತೆ! ದುಡ್ಡು ತೆಗೆದುಕೊಂಡು!

ಮೊದಲನೆಯ ದಿನವೇ ಅವಳ ಹೆಸರು ಅಲ್ಲೆಲ್ಲ ಹಬ್ಬಿತು. ದೋಣಿ ಹೊರಟಿತು. ರೂಢಿ ಎಲ್ಲಿ ಹೋಗುತ್ತದೆ? ಇವಳು ಹಿಂದಿನಿಂದ ಮುಂದಿನ ತನಕ ತಲೆ ಎಣಿಸಿದಳು. ಒಂದು ಕಡಿಮೆ! "ಹೋಲ್ಡಾನ್!" ಎಂದು ಕೂಗಿದ್ದಕ್ಕೆ ದೋಣಿಯವನು ಗಾಬರಿಯಾಗಿ ನಿಲ್ಲಿಸಿದ. ತಿರುಗಿ ನೋಡಿದರೆ ದಡದಲ್ಲಿ ಒಬ್ಬ ಎರಡೂ ಕೈ ಬೀಸುತ್ತ ಕುಣಿಯುತ್ತಿದ್ದ. ಯಾರೆಂದಿರಿ? ಕಲಿಸುವ ಗುರು!

ಇಷ್ಟೆಲ್ಲ ನಗುತ್ತ ಕೇಳಿದವನು ನಾನು. ಎರಡನೆಯ ದಿನ ಮಧ್ಯಾಹ್ನ ಫೋನು ಬಂದಾಗ ನಗು ಬರಲಿಲ್ಲ.

"ಮುತ್ಯಾ, ಎರಡಾಳುದ್ದ ಇಳಿಯೂದ್ರಾಗ ಕಿವ್ಯಾಗ ದಬ್ಬಣ ಚುಚ್ಚಿದಂಗ ಆಗಾಕತ್ತೈತಿ. ನಾಳೆ ಕಡೀ ದಿನ. ತಳಾ ಮುಟ್ಟಲಿಲ್ಲಂದ್ರ ಕಾರ್ಡ್ ಇಲ್ಲ. ಮತ್ತೊಮ್ಮೆ ಕಲಿಯಾಕ ರಜಾನೂ ಇಲ್ಲ, ರೊಕ್ಕಾನೂ ಇಲ್ಲ. ಹಲ್ಲ ಕಡದು ಇಳದೇ ಬಿಡ್ತೇನಿ."

"ಬ್ಯಾಡ ತಂಗಿ!"

"ಯಾಕ? ನೀ ಬಾವ್ಯಾಗ ಹಂಗಽ ಇಳೀತಿದ್ದಿಲ್ಲೇನು?"

ಇಳಿಯುತ್ತಿದ್ದೆ. ಸುತ್ತಲ ಹೊಲಗಳಲ್ಲಿ ಯಾರ ಬಾವಿಗೆ ಏನು ಬಿದ್ದರೂ ನನಗೇ ಕರೆ. ನನ್ನ ಎಡಗಿವಿ ಕೇಳಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಮಾಸ್ತರರು ಕಪಾಳಕ್ಕೆ ಹೊಡೆದರು, ಕಿವಿ ಹೋಯಿತು, ಸಾಲೆ ಬಿಟ್ಟೆ. ಇದು ನಾನು ಎಲ್ಲರಿಗೂ ಹೇಳಿಕೊಂಡು ಬಂದ ಕಥೆ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿ ಆ ಮಾಸ್ತರರಿಗೆ ಹಾಕಿದ ಶಾಪ ಒಂದೆರಡಲ್ಲ.

ಈಗ ಏನು ಮಾಡಲಿ? ಕಥೆ ಉಳಿಸಿಕೊಂಡರೆ ಹುಡುಗಿಯ ಕಿವಿ ಹೋಗುತ್ತದೆ.

"ಮಾಸ್ತರು ಹೊಡೀಲಿಲ್ಲ ತಂಗಿ. ನಾನಽ ಹಲ್ಲ ಕಡದು ಇಳಿದೆ. ಒಳಗ ಟಪ್ ಅಂತು. ಅವತ್ತು ಹೋದ ಕಿವಿ ತಿರುಗಿ ಬರಲಿಲ್ಲ."

ಅತ್ತ ಕಡೆಯಿಂದ ಸಣ್ಣ ದನಿ: "ಗುರುಗಳು ಸಾವಕಾಶ ಇಳಿ, ಮೂಗ ಹಿಡದು ಮೆತ್ತಗ ಊದು ಅಂತಾರ. ನನಗ ತಡ್ಯಾಕಾಗಂಗಿಲ್ಲ ಮುತ್ಯಾ."

"ಎಕ್ಸ್‌ಪ್ರೆಸ್ ಬಸ್ಸಿನಂಗ ಇಳಿಬ್ಯಾಡ. ಆರ್ಡಿನರಿ ಬಸ್ಸಿನಂಗ ಇಳಿ. ಎಲ್ಲಾ ಸ್ಟಾಪಿಗೂ ನಿಲ್ಲು. ಇಂಡಿ ಬಿಟ್ಟಿ, ಸಿಂದಗ್ಯಾಗ ನಿಂತು ಮೂಗ ಹಿಡಕೊ. ಕಿವಿ ಬಿಟ್ರ ಮುಂದ. ಬಾಗೇವಾಡ್ಯಾಗ ಮತ್ತ ನಿಲ್ಲು. ನೋವಾತಂದ್ರ ಒಂದ್ ಸ್ಟಾಪ್ ಹಿಂದಕ ಹೋಗು. ಮುದ್ದೇಬಿಹಾಳ ಎಲ್ಲೂ ಓಡಿ ಹೋಗಂಗಿಲ್ಲ."

"ಆತು. ಆದ್ರ ಆಯಿಗೆ ಮಾಸ್ತರ ವಿಷಯ..."

"ಹೇಳಬ್ಯಾಡ!"

ಮರುದಿನ ಅವಳು ಹಾಗೆಯೇ ಇಳಿದಳು. ಗುರು ಕೆಳಗೆ ಹೋಗಿ ಮಂಡಿಯೂರಿ ಕಾಯುತ್ತಿದ್ದರೆ ಇವಳು ಇನ್ನೂ ಸಿಂದಗಿಯಲ್ಲೇ! ಬಾಗೇವಾಡಿಯಲ್ಲಿ ಒಮ್ಮೆ ಚುಚ್ಚಿತು. ಹಿಂದಕ್ಕೆ ಬಂದಳು, ಊದಿದಳು, ಮತ್ತೆ ಇಳಿದಳು. ಕೊನೆಗೆ ಮರಳು ಮುಟ್ಟಿದ ಖುಷಿಗೆ ಬಳೆಯಿಂದ ಸಿಲಿಂಡರಿಗೆ ಎರಡು ಸಲ ಟಣ್ ಟಣ್ ಬಡಿದಳಂತೆ. ನಮ್ಮ ಬಸ್ಸಿನಲ್ಲಿ ಅದಕ್ಕೆ ಅರ್ಥ 'ಹೋಗೋಣ ರೈಟ್'. ಅಲ್ಲಿ ಅದಕ್ಕೆ ಅರ್ಥ 'ನನ್ನ ಕಡೆ ನೋಡಿ'. ಸಮುದ್ರದೊಳಗಿದ್ದ ಅಷ್ಟೂ ಮಂದಿ ಏನಾಯಿತೋ ಎಂದು ಇವಳತ್ತ ಈಜಿ ಬಂದರು. ಏನೂ ಆಗಿರಲಿಲ್ಲ. ಇವಳು ನಗುತ್ತಿದ್ದಳು, ಅಷ್ಟೇ!

ಈ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಮಗ, ಸೊಸೆ, ನಾವಿಬ್ಬರು ಮುದುಕರು, ನಡುವೆ ಮೊಮ್ಮಗಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಹುಡುಗಿ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಕಥೆ ಹೇಳುವ ಭರದಲ್ಲಿ, "ಮುತ್ಯಾನ ಕಿವಿ ಬಾವ್ಯಾಗ ಹೋಗಿದ್ದು ಹೇಳಲಿಲ್ಲಂದ್ರ ನಂದೂ ಹೋಗ್ತಿತ್ತು" ಎಂದುಬಿಟ್ಟಳು!

ನಾನು ತಲೆ ತಗ್ಗಿಸಿ ಎಣ್ಣೆಗಾಯಿಯನ್ನೇ ನೋಡತೊಡಗಿದೆ.

"ಯಾವ ಬಾವಿರಿ?" ಹೆಂಡತಿ ಕೇಳಿದಳು.

"ಯಾವುದೋ ಒಂದು. ಎಲ್ಲಿ ನೆನಪಿರ್ತೈತಿ?"

"ನನಗ ನೆನಪೈತಿ. ಮದುವ್ಯಾಗಿ ಬಂದು ಎರಡು ವಾರ ಆಗಿದ್ದಿಲ್ಲ. ನಮ್ಮವ್ವ ಕೊಟ್ಟ ತಾಮ್ರದ ಕೊಡ ಕೈಜಾರಿ ಬಿತ್ತು. ಅತ್ತಿ ಬೈತಾರಂತ ಕಟ್ಟಿ ಮ್ಯಾಲೆ ಕುಂತು ಅಳಾಕತ್ತಿದ್ದೆ. ಎರಡ ಸಲ ಮುಳುಗಿ ಬರೀಗೈಲೆ ಬಂದ್ರಿ, ಮೂರನೇ ಸಲ ತಂದ್ರಿ. ಎಂಟ್ ದಿನ ಕಿವಿಗೆ ಅರಿವಿ ಕಟಗೊಂಡು ತಿರುಗಿದ್ರಿ. ತಂಡಿ ಆಗೈತಿ ಅಂದ್ರಿ. ಅವತ್ತಽ ಹೌದಲ್ರಿ?"

ಯಾರೂ ಉಣ್ಣುತ್ತಿರಲಿಲ್ಲ.

"ಯಾಕ ಹೇಳಲಿಲ್ಲರಿ?"

"ಹೇಳಿದ್ರ ನೀ ಆ ಕೊಡದಾಗ ನೀರ ತರ್ತಿದ್ದಿಲ್ಲ," ಎಂದೆ.

ಅವಳು ತುಪ್ಪದ ಗಿಂಡಿ ತೆಗೆದುಕೊಂಡು ಎದ್ದಳು. ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಸಾಕೆಂದರೂ ಸುರಿದಳು. ಆಮೇಲೆ ನನ್ನ ಎಡಕ್ಕೆ ಕುಳಿತು, ಅದೇ ಕಿವಿಯ ಹತ್ತಿರ ಬಾಯಿ ತಂದು ಏನೋ ಅಂದಳು. ಬೆಚ್ಚಗಿನ ಉಸಿರು ತಾಗಿತು, ಮಾತು ಕೇಳಿಸಲಿಲ್ಲ.

"ಆಯಿ ಏನಂದ್ಳು, ಹೇಳ್ಲೇನು ಮುತ್ಯಾ?" ಮೊಮ್ಮಗಳು ಕಣ್ಣೊರೆಸಿಕೊಂಡು ಕೇಳಿದಳು.

"ಬ್ಯಾಡ ತಂಗಿ, ತಿಳೀತು," ಎಂದೆ. "ಎಲ್ಲಾರೂ ಉಣ್ರಿ, ರೊಟ್ಟಿ ಆರಾಕತ್ತಾವು."

ಎಲ್ಲರೂ ಉಣ್ಣತೊಡಗಿದೆವು.