ಕೆಂಗೇರಿ ಬಂಡೆಗೆ ಹಚ್ಚಿದ ವಿಭೂತಿ

ಎಪ್ಪತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ಉಳಿದವರು ಮ್ಯಾಟಿನಿಗೆ ಹೋಗುತ್ತಿದ್ದರು. ನಾನೂ ನನ್ನ ಗೆಳೆಯನೂ ಕೆಂಗೇರಿಯಾಚೆಗೆ ಬಂಡೆ ಹತ್ತಲು ಹೋಗುತ್ತಿದ್ದೆವು. ಕಾರಣವಿಲ್ಲದೆ ಬಂಡೆ ಹತ್ತುವವರನ್ನು ಫಜೀತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ.

ಭಕ್ತಿ

ನಾನು ಮಾರೇನಹಳ್ಳಿಯ ಒಕ್ಕಲು ಮನೆಯವನು, ಅವನು ರಾಜಾಜಿನಗರದ ಲಿಂಗಾಯತರ ಹುಡುಗ. ಇಬ್ಬರೂ ಒಂದೇ ಆಫೀಸಿನಲ್ಲಿ ಗುಮಾಸ್ತರು. ಹಗ್ಗವಿಲ್ಲ, ಹೇಳಿಕೊಡುವವರಿಲ್ಲ, ಇದ್ದದ್ದು ಕ್ಯಾನ್ವಾಸ್ ಶೂ ಮಾತ್ರ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಅವನ ಎಡಗೈಯ ಉಂಗುರದ ಬೆರಳು ಒಂದು ಗೆಣ್ಣು ಕಮ್ಮಿ. ಸಾಲದ್ದಕ್ಕೆ ಅಂಗೈ ವಿಪರೀತ ಬೆವರುತ್ತಿತ್ತು. ಒಂದು ವಾರ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಕೈಗೆ ತಿಕ್ಕಿಕೊಂಡ. ಜಾರಲಿಲ್ಲ. ಅಲ್ಲಿಂದಾಚೆ ಅವರ ಮನೆಯಲ್ಲಿ ವಾರಕ್ಕೊಂದು ಗಟ್ಟಿ ಮಾಯವಾಗತೊಡಗಿತು.

ಅವನ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಇವನಿಗೆ ಈಗೀಗ ಭಕ್ತಿ ಜಾಸ್ತಿ ಆಗಿದೆ ಕಣಪ್ಪ. ಮದುವೆ ಬೇಡ ಅಂತ ಮಠ ಸೇರಿಬಿಟ್ಟಾನು, ಸ್ವಲ್ಪ ಬುದ್ಧಿ ಹೇಳು."

ತಾತನ ಅಭಿಪ್ರಾಯ

ಅಲ್ಲೊಂದು ಎರಡಾಳೆತ್ತರದ ಬಂಡೆ. ಆರು ತಿಂಗಳಾದರೂ ನಾವು ಎದೆಮಟ್ಟ ದಾಟಿರಲಿಲ್ಲ. ಮೇಕೆ ಮೇಯಿಸುವ ತಾತನೊಬ್ಬ ಬೀಡಿ ಹಚ್ಚಿಕೊಂಡು ಪ್ರತಿವಾರ ನೋಡುತ್ತಾ ಕೂತಿರುತ್ತಿದ್ದ.

"ಮೇಲೆ ಏನಾದ್ರೂ ಕಳ್ಕೊಂಡಿದೀರಾ?" ಎಂದ ಒಂದು ದಿನ.

"ಇಲ್ಲ ತಾತ, ಸುಮ್ನೆ ಹತ್ತೋಣ ಅಂತ."

ತಾತ ಯೋಚಿಸಿ ಹೇಳಿದ: "ನಮ್ ಮೇಕೆಗಳೂ ಸುಮ್ನೇ ಹತ್ತೋದು. ಆದ್ರೆ ಅವು ಹತ್ತುತವೆ."

ಕೆಂಪು ಗುರುತು

ಒಂದು ಭಾನುವಾರ ನಮ್ಮ ಬಂಡೆಯ ಮೇಲೆ ಕೆಂಪು ಬಣ್ಣದ ಗುರುತು. ಪಕ್ಕದಲ್ಲಿ ಕಲ್ಲು ಒಡೆಸುವ ಮೇಸ್ತ್ರಿ. "ಮುಂದಿನ ವಾರ ಮದ್ದು ಇಡ್ತೀವಿ ಸಾರ್. ವಿಜಯನಗರದಲ್ಲಿ ಅಷ್ಟೊಂದು ಮನೆ ಏಳ್ತಾ ಇವೆ, ಪಾಯಕ್ಕೆ ಕಲ್ಲು ಬೇಡ್ವಾ?"

ಗೆಳೆಯನ ಮುಖ ಸಪ್ಪಗಾಯಿತು. ಸಂಜೆ ಮೇಸ್ತ್ರಿಯೂ ಹೋದ, ತಾತನೂ ಮೇಕೆ ಹೊಡೆದುಕೊಂಡು ಹೋದ. ಗೆಳೆಯ ಉಳಿದ ವಿಭೂತಿಯನ್ನೆಲ್ಲ ಎರಡೂ ಕೈಗೆ ಬಳಿದುಕೊಂಡು ಹೊರಟವನು, ಹೇಗೋ ಏನೋ, ನೆತ್ತಿಯ ಮೇಲೆ ನಿಂತಿದ್ದ. ನನ್ನ ಕಣ್ಣಲ್ಲಿ ನೀರು ಬಂತು.

"ಯಾರೂ ನೋಡ್ಲಿಲ್ವಲ್ಲೋ!" ಎಂದು ಅವನು ಮೇಲಿಂದ ಕೂಗಿದ.

"ನಾನು ನೋಡಿದೆನಲ್ಲ."

"ನೀನು ಹೇಳಿದ್ರೆ ಯಾರು ನಂಬ್ತಾರೆ ಗುರು?"

ಪವಾಡ

ಮುಂದಿನ ವಾರ ಬಂಡೆಗೆ ಕೊನೆಯ ಸಲ ಕೈಮುಗಿದು ಬರೋಣವೆಂದು ಹೋದರೆ, ಊರವರು ಆಗಲೇ ಕೈಮುಗಿಯುತ್ತಿದ್ದರು. ಬುಡದಲ್ಲಿ ಹೂವು, ಕಾಯಿ, ಊದುಬತ್ತಿ. ಯಾರಿಗೂ ಎಟುಕದ ಎತ್ತರದಲ್ಲಿ ವಿಭೂತಿಯ ಹಸ್ತದ ಗುರುತುಗಳು. ಸುದ್ದಿ ಹೂವಾಡಗಿತ್ತಿಯ ಬಾಯಲ್ಲಿ ರಾಜಾಜಿನಗರಕ್ಕೂ ತಲುಪಿ, ಗೆಳೆಯನ ಅಮ್ಮ ನಮಗಿಂತ ಮೊದಲೇ ಬಸ್ಸು ಹತ್ತಿ ಬಂದಿದ್ದರು.

ಮೇಸ್ತ್ರಿ ನಮ್ಮನ್ನು ನೋಡಿದವನೇ, "ಇದು ಈ ಹುಡುಗರದೇ ಕೆಲಸ" ಎಂದ.

ತಾತ ಬಾಯಿಂದ ಬೀಡಿ ತೆಗೆದ. "ಇವರಾ? ಆರು ತಿಂಗಳಿಂದ ನೋಡ್ತಾ ಇದೀನಿ. ಇವರ ಕೈಲಿ ಆಗಲ್ಲ ಬಿಡು."

ಗೆಳೆಯನಿಗೆ ತಡೆಯಲಾಗಲಿಲ್ಲ, ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಅಷ್ಟರಲ್ಲಿ ಅವನ ಅಮ್ಮ ತಲೆಯೆತ್ತಿ ಒಂದು ಹಸ್ತವನ್ನೇ ದಿಟ್ಟಿಸತೊಡಗಿದರು. ಅದರ ಉಂಗುರದ ಬೆರಳು ಮೋಟು. ಆಮೇಲೆ ಮಗನ ಕೈ ನೋಡಿದರು. ಅವರು ಒಂದು ಮಾತಾಡಿದ್ದರೆ ಬಂಡೆ ಅಂದೇ ಪುಡಿಯಾಗುತ್ತಿತ್ತು.

"ಸಾಕ್ಷಾತ್ ಶಿವನೇ ಬಂದುಹೋಗಿದಾನೆ" ಎಂದು ಅಮ್ಮ ಜೋರಾಗಿ ಹೇಳಿ ಕೈಮುಗಿದರು. ಮೇಸ್ತ್ರಿ ಚಪ್ಪಲಿ ಬಿಟ್ಟ. ಕೆಂಪು ಬಣ್ಣವನ್ನು ಸೀಮೆಎಣ್ಣೆ ಹಾಕಿ ಅವನೇ ಒರೆಸಿದ.

ಬಸ್ ಸ್ಟಾಪಿಗೆ ಬಂದ ಮೇಲೆ ಅಮ್ಮ ಮಗನ ಕಿವಿ ಹಿಂಡಿದರು.

"ದೇವರಿಗೆ ಎಡಗೈಲಿ ವಿಭೂತಿ ಹಚ್ತಾರೇನೋ?"