ಮಗ್ಗದ ಮನೆಯ ಇ-ಮೇಲ್

ಮಕ್ಕಳಿಗೆ ಬುದ್ಧಿ ಹೇಳುವುದರಲ್ಲಿ ಒಂದು ಸುಖವಿದೆ. ಆ ವಯಸ್ಸಿನಲ್ಲಿ ನಾವೇನು ಘನಂದಾರಿ ಕೆಲಸ ಮಾಡಿದ್ದೆವು ಎಂಬುದಕ್ಕೆ ಮನೆಯಲ್ಲಿ ಸಾಕ್ಷಿ ಇರುವುದಿಲ್ಲ. ಹತ್ತನೇ ತರಗತಿಯ ಮಗಳು ಮೊಬೈಲ್ ಹಿಡಿದಾಗಲೆಲ್ಲ ನಾನು 'ನಮ್ಮ ಕಾಲದಲ್ಲಿ' ಎಂದು ಶುರು ಮಾಡುತ್ತೇನೆ. ನಮ್ಮ ಕಾಲದ ಪೂರ್ತಿ ಕಥೆಯನ್ನು ಮಾತ್ರ ಅವಳಿಗೆ ಹೇಳಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಎಸ್ಸೆಸ್ಸೆಲ್ಸಿ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಇಂಟರ್‌ನೆಟ್ ಸೆಂಟರ್ ತೆರೆಯಿತು. ನಮ್ಮ ಬೆಂಚಿನ ಶಂಕ್ರನೂ ಸೇರಿ ಉಳಿದ ಮೂವರಿಗೂ ಇ-ಮೇಲ್ ಐಡಿ ಬಂದುಬಿಟ್ಟಿತು. ಒಂದು ವಾರ ನನ್ನನ್ನು ಗುಗ್ಗು ಎಂದರು. ಎಂಟನೇ ದಿನ ನಾನೂ ಮಾಡಿಸಿಕೊಂಡೆ. ಆಮೇಲೆ ತಿಳಿಯಿತು, ನಮಗೆ ಬರೆಯಲು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ! ಬೆಳಿಗ್ಗೆಯಿಂದ ಮೊಣಕೈ ತಾಗಿಸಿಕೊಂಡು ಕೂತವರು ಸಂಜೆ ಸೆಂಟರಿಗೆ ಓಡಿ, ಒಬ್ಬರಿಗೊಬ್ಬರು 'ಹೇಗಿದ್ದೀಯಾ' ಎಂದು ಬರೆದುಕೊಳ್ಳುತ್ತಿದ್ದೆವು. ಉತ್ತರ ಬರೆಯದವನ ಜೊತೆ ಮಾರನೆಯ ದಿನ ಟೂ. ಗಣಿತಕ್ಕೆಂದು ಇಟ್ಟಿದ್ದ ಸಂಜೆಗಳೆಲ್ಲ ಅಲ್ಲೇ ಕರಗಿದವು.

ನಮ್ಮದು ಎರಡು ಪವರ್‌ಲೂಮಿನ ಮನೆ. ಈ ಸದ್ದು ನನ್ನ ಕಿವಿಗೇ ಮುಗಿಯಲಿ, ನೀನು ಓದು ಎನ್ನುವುದು ಅಪ್ಪನ ಒಂದೇ ಆಸೆ. ಫೇಲಾದರೆ ನನಗೂ ಮಗ್ಗವೇ ಗತಿ. ಹಾಗಾಗಿ ಮಗ್ಗದ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಬೇಕೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಪಾಪ, ಅಪ್ಪ ನನ್ನ ತುಟಿ ನೋಡಿಯೇ ಖುಷಿಪಡುತ್ತಿದ್ದರು. ನಾನು ಪುಸ್ತಕ ಬಿಚ್ಚಿಟ್ಟುಕೊಂಡು ಮರುದಿನ ಕಳಿಸಬೇಕಾದ ಇ-ಮೇಲ್ ಬಾಯಿಪಾಠ ಮಾಡುತ್ತಿದ್ದೆ.

ಒಂದು ರಾತ್ರಿ ಹಾಗೆ ಕೂಗುತ್ತಿದ್ದಾಗ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೇ ನಿಂತವು. ಆಗ ಕೇಳಿಸಿದ್ದು ನನ್ನ ಗಂಟಲೊಂದೇ: "ಲೇ ಶಂಕ್ರ, ಮ್ಯಾಥ್ಸಲ್ಲಿ ಹನ್ನೊಂದು ಕಣೋ. ಪೇಪರ್ ಇನ್ನೂ ಕೊಟ್ಟಿಲ್ಲ ಅಂತ ನಮ್ಮಪ್ಪಂಗೆ ಹೇಳಿದೀನಿ."

ಎದುರು ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, ಇಪ್ಪತ್ತೈದಕ್ಕೋ ನೂರಕ್ಕೋ ಎಂದು ಕೇಳಿದರು. ನೂರಕ್ಕೆ ಎಂದೆ. ಏಟು ಬೀಳುತ್ತದೆಂದು ಕೆನ್ನೆ ಸಿದ್ಧ ಮಾಡಿಕೊಂಡೆ.

"ಬಾಯಾಡಿಸ್ತಿದ್ದೆಯಲ್ಲೋ, ಓದ್ತಿದೀಯ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಹೊಡೆದಿದ್ದರೆ ಇಷ್ಟರಲ್ಲಿ ಮರೆತಿರುತ್ತಿದ್ದೆ.

ಸೆಂಟರ್ ಬಿಟ್ಟೆ. ಮೂವರೂ ತಿಂಗಳುಗಟ್ಟಲೆ ಟೂ ಬಿಟ್ಟರು. ಪರೀಕ್ಷೆಯಲ್ಲಿ ಗಣಿತಕ್ಕೆ ಮೂವತ್ತೆಂಟು ಬಂತು. ಅಂಕಪಟ್ಟಿ ತಂದ ದಿನ ಅಪ್ಪ ತಾವೇ ಎರಡೂ ಮಗ್ಗ ನಿಲ್ಲಿಸಿ, "ಈಗ ಇದನ್ನ ಜೋರಾಗಿ ಓದು" ಎಂದರು.

ಆ ಮೂವರೂ ಈಗ ನನ್ನ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಮೊನ್ನೆ ಎಲ್ಲರೂ ತಮ್ಮ ಮಕ್ಕಳ ಗಣಿತದ ಅಂಕ ಹಾಕಿದರು. ತೊಂಬತ್ತೈದು, ತೊಂಬತ್ತೇಳು, ಒಬ್ಬನದಂತೂ ನೂರಕ್ಕೆ ನೂರು. ನನ್ನ ಮಗಳಿಗೆ ಅರವತ್ತೆರಡು. ಸುಮ್ಮನಿದ್ದರೆ ಮತ್ತೆ ಗುಗ್ಗು ಎಂದಾರೆಂದು, 'ನಮ್ಮವಳದು ತೊಂಬತ್ತೆರಡು' ಎಂದು ಒತ್ತುತ್ತಿದ್ದೆ. ಎದುರಿಗೆ ಕೂತು ಲೆಕ್ಕ ಬಿಡಿಸುತ್ತಿದ್ದ ಮಗಳು ತಲೆಯೆತ್ತಿದಳು.

"ಆಗಿಂದ ಯಾರಿಗಪ್ಪಾ ಬರೀತಿದೀರ? ಜೋರಾಗಿ ಓದಿ, ನಾನೂ ಕೇಳ್ತೀನಿ."

ಮನೆಯಲ್ಲಿ ಫ್ಯಾನಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾನು ಸುಮ್ಮನೆ ತುಟಿ ಅಲ್ಲಾಡಿಸಿದೆ.